ಕಿಲಾರ್ನಿಯ ಜರೀಗಿಡ: ಒಂದು ನೆರಳುಸಸ್ಯದ ಪೋಷಣೆಯ ಇತಿಹಾಸ

ಇತಿಹಾಸದ ವಿದ್ಯಾರ್ಥಿಗಳಿಗೆ ಸಸ್ಯಗಳ ಕಥೆಯೆಂದರೆ ಸಾಮಾನ್ಯವಾಗಿ ಬೆಲೆಯುಳ್ಳ ಸಸ್ಯಗಳ ಕಥೆ. ಮೆಣಸು ಯೂರೋಪಿಯನ್ನರನ್ನು ಮಲಬಾರಿನ ತೀರಕ್ಕೆ ಕರೆತಂದಿತು. ಚಹವು ಚೀನದಿಂದ ಹಿಮಾಲಯದ ತಪ್ಪಲಿಗೆ ಬಂದಿತು. ಸಿಂಕೋನ ಮರವು ದಕ್ಷಿಣ ಅಮೆರಿಕದಿಂದ ನೀಲಗಿರಿಗೆ ಬಂದಿತು. ಇವುಗಳ ವಿಷಯವಾಗಿ ಗ್ರಂಥಗಳು ಸಾಕಷ್ಟು ಇವೆ. ಆದರೆ ತಿನ್ನಲು ಬಾರದ, ಔಷಧಕ್ಕೆ ಒದಗದ, ಹೂವನ್ನಾಗಲಿ ಹಣ್ಣನ್ನಾಗಲಿ ಬಿಡದ ಒಂದು ಸಣ್ಣ ಗಿಡದ ಹಿಂದೆ ಒಂದು ಇಡೀ ಸಮಾಜವು ಬಿದ್ದು, ಅದನ್ನು ಮನೆಯೊಳಗೆ ಬದುಕಿಸಲು ಶ್ರಮಿಸಿ, ಆ ಶ್ರಮದ ಭರದಲ್ಲಿಯೇ ಕಾಡಿನ ನೆಲೆಗಳಿಂದ ಅದನ್ನು ಬರಿದುಮಾಡಿದ ಸಂಗತಿ ಇತಿಹಾಸಕಾರರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಪ್ರಕೃತ ಲೇಖನದಲ್ಲಿ ನಾವು ಪರಿಶೀಲಿಸಹೊರಟಿರುವುದು ಅಂತಹ ಒಂದು ಗಿಡವನ್ನು. ಅದರ ಪೋಷಣೆಯ ಮರ್ಮವನ್ನು ಮನುಷ್ಯನು ಕಲಿತ ಕಾಲವೇ ಅದು ತನ್ನ ನೆಲೆಗಳಲ್ಲಿ ವಿರಳವಾದ ಕಾಲವೂ ಆದುದು ಹೇಗೆ ಎಂಬುದೇ ನಮ್ಮ ಪ್ರಶ್ನೆ.

ಐರ್ಲೆಂಡಿನ ನೈರುತ್ಯ ಭಾಗದಲ್ಲಿರುವ ಕಿಲಾರ್ನಿ ಎಂಬ ಸರೋವರ ಪ್ರದೇಶದ ಹೆಸರಿನಿಂದ ಈ ಸಸ್ಯವು ಪ್ರಸಿದ್ಧವಾಗಿದೆ. ಶಾಸ್ತ್ರಜ್ಞರು ಇದನ್ನು ಬಹುಕಾಲ ಟ್ರೈಕೋಮೇನಿಸ್ ಸ್ಪೆಸಿಯೋಸಮ್ ಎಂದು ಕರೆಯುತ್ತಿದ್ದರು. ಇತ್ತೀಚಿನ ಗ್ರಂಥಗಳಲ್ಲಿ ವಾಂಡೆನ್‌ಬಾಷಿಯ ಎಂಬ ಕುಲನಾಮವೂ ಕಾಣುತ್ತದೆ. ಜರೀಗಿಡಗಳಲ್ಲಿ ಪೊರೆಜರಿಗಳೆನ್ನಬಹುದಾದ ಒಂದು ವಂಶವಿದೆ. ಇವುಗಳ ಎಲೆಯ ಹಾಳೆಯು, ನರಗಳನ್ನು ಬಿಟ್ಟರೆ, ಬಹುಮಟ್ಟಿಗೆ ಒಂದೇ ಜೀವಕೋಶದಷ್ಟು ದಪ್ಪವಾಗಿದ್ದು, ಬೆಳಕಿಗೆ ಹಿಡಿದರೆ ಹಸಿರು ಗಾಜಿನಂತೆ ಪಾರದರ್ಶಕವಾಗಿ ತೋರುತ್ತದೆ. ಸಾಮಾನ್ಯ ಸಸ್ಯಗಳ ಎಲೆಯಲ್ಲಿರುವ ಪತ್ರರಂಧ್ರಗಳು ಇವಕ್ಕಿಲ್ಲ. ನೀರನ್ನು ಹಿಡಿದಿಡುವ ಮೇಲ್ಪೊರೆಯೂ ಇಲ್ಲವೆನ್ನುವಷ್ಟು ತೆಳು. ಗಾಳಿ ಸ್ವಲ್ಪ ಒಣಗಿದರೂ ಎಲೆ ಮುದುಡುತ್ತದೆ. ಆದುದರಿಂದಲೇ ಜಲಪಾತಗಳ ತುಂತುರು ಬೀಳುವ ಗುಹೆಗಳು, ತೊಟ್ಟಿಕ್ಕುವ ಬಂಡೆಗಳ ಸಂದುಗಳು, ಸೂರ್ಯರಶ್ಮಿ ಎಂದೂ ನೇರವಾಗಿ ತಾಗದ ಕಣಿವೆಗಳು ಇದರ ವಾಸಸ್ಥಾನ. ಕಿಲಾರ್ನಿಯ ಜಾತಿಯ ಎಲೆಗಳು ಒಂದು ಗೇಣಿನಿಂದ ಸುಮಾರು ಒಂದು ಮೊಳದವರೆಗೆ ಬೆಳೆಯಬಲ್ಲವು. ಆ ವಂಶಕ್ಕೆ ಯೂರೋಪಿನಲ್ಲಿ ಇದೇ ದೊಡ್ಡ ಪ್ರತಿನಿಧಿ. ನಮ್ಮ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿಯೂ ಇದೇ ವಂಶದ ಸಣ್ಣ ಜಾತಿಗಳು ಒದ್ದೆ ಬಂಡೆಗಳನ್ನೂ ಮರದ ಬೊಡ್ಡೆಗಳನ್ನೂ ಹಿಡಿದು ಬೆಳೆಯುತ್ತವೆ. ನೋಡಿದವರು ಅವನ್ನು ಹಾವಸೆಯೆಂದೇ ಭಾವಿಸಿ ಮುಂದೆ ಹೋಗುವುದು ವಾಡಿಕೆ.

ಬ್ರಿಟಿಷ್ ದ್ವೀಪಗಳಲ್ಲಿ ಈ ಗಿಡವು ಮೊದಲು ವಿದ್ವಾಂಸರ ದೃಷ್ಟಿಗೆ ಬಿದ್ದುದು ಐರ್ಲೆಂಡಿನಲ್ಲಿ ಅಲ್ಲ, ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ. ಬಿಂಗ್ಲಿ ಎಂಬ ಊರಿನ ಬಳಿಯ ಬೆಲ್‌ಬ್ಯಾಂಕ್ ಎಂಬಲ್ಲಿ ಡಾ. ರಿಚರ್ಡ್ ರಿಚರ್ಡ್‌ಸನ್ ಎಂಬ ವೈದ್ಯನು ಇದನ್ನು ಕಂಡನು. ಜಾನ್ ರೇ ರಚಿಸಿದ ಬ್ರಿಟಿಷ್ ಸಸ್ಯಗಳ ಕೈಪಿಡಿಯನ್ನು ಡಿಲೇನಿಯಸ್ ಪರಿಷ್ಕರಿಸಿ 1724ರಲ್ಲಿ ಹೊರತಂದ ಮೂರನೆಯ ಮುದ್ರಣದಲ್ಲಿ ಈ ಶೋಧದ ಉಲ್ಲೇಖವಿದೆ. ಉಲ್ಲೇಖವಾದೊಡನೆ ಸಂಗ್ರಾಹಕರು ಬರತೊಡಗಿದರು. ಹದಿನೆಂಟನೆಯ ಶತಮಾನ ಮುಗಿಯುವಷ್ಟರಲ್ಲಿ ಆ ನೆಲೆಯಲ್ಲಿ ಗಿಡವೇ ಇಲ್ಲವಾಗಿತ್ತು. ಮುಂದಿನ ಶತಮಾನದ ಮೊದಲ ವರ್ಷಗಳಲ್ಲಿ ಜೇಮ್ಸ್ ಟೌನ್‌ಸೆಂಡ್ ಮೆಕೆ ಎಂಬ ಸಸ್ಯಜ್ಞನು ಕಿಲಾರ್ನಿಯ ಬಂಡೆಗಳಲ್ಲಿ ಅದನ್ನು ಸಮೃದ್ಧವಾಗಿ ಕಂಡನು. ಅಂದಿನಿಂದ ಕಿಲಾರ್ನಿಯ ಹೆಸರು ಅಂಟಿಕೊಂಡಿತು. ಈಗ ಬಳಕೆಯಲ್ಲಿರುವ ಸ್ಪೆಸಿಯೋಸಮ್ ಎಂಬ ಜಾತಿನಾಮವನ್ನು ವಿಲ್ಡೆನೋ ಎಂಬ ಜರ್ಮನ್ ವಿದ್ವಾಂಸನು 1810ರಲ್ಲಿ ಕೊಟ್ಟುದು ಆಫ್ರಿಕದ ಪಕ್ಕದ ಕನೇರಿ ದ್ವೀಪಗಳ ಮಾದರಿಯನ್ನು ನೋಡಿ. ಅಟ್ಲಾಂಟಿಕ್ ಸಾಗರದ ತೇವವು ಮುಟ್ಟುವ ಕಡೆಗಳಲ್ಲೆಲ್ಲ ಅಲ್ಲಲ್ಲಿ ಚದರಿಹೋಗಿರುವ ಸಸ್ಯವಿದು ಎಂಬುದು ಇದರಿಂದ ವಿದಿತವಾಗುತ್ತದೆ.

ಕೀಳುವುದು ಸುಲಭವಾಗಿತ್ತು, ಬೆಳೆಸುವುದು ಮಾತ್ರ ಯಾರಿಗೂ ಸಾಧ್ಯವಾಗಿರಲಿಲ್ಲ. ಲಂಡನ್ನಿನ ಬಳಿ ಹ್ಯಾಕ್ನಿಯಲ್ಲಿ ಸಸ್ಯವ್ಯಾಪಾರ ನಡೆಸುತ್ತಿದ್ದ ಲಾಡಿಜಸ್ ಮನೆತನದವರು ಆ ಕಾಲದ ಅತಿ ನಿಪುಣರಾದ ತೋಟಗಾರರು. ಉಷ್ಣವಲಯದ ತಾಳೆಮರಗಳನ್ನೂ ಸೀತಾಳೆಗಳನ್ನೂ ಗಾಜಿನ ಮನೆಗಳಲ್ಲಿ ಬೆಳೆಸಿದವರು. ಅವರೂ ಈ ಗಿಡವನ್ನು ಮತ್ತೆ ಮತ್ತೆ ತರಿಸಿ ಮತ್ತೆ ಮತ್ತೆ ಕಳೆದುಕೊಂಡರು. ಗಾಜಿನ ಮನೆಯಲ್ಲಿ ಬೆಂಕಿಯ ಕಾವು ಹೆಚ್ಚಿಸಿದಂತೆಲ್ಲ ಗಾಳಿಯು ಒಣಗುತ್ತಿತ್ತು. ಮೂಲತಃ ತಂಪಿನ ಗಿಡವಾದ ಇದಕ್ಕೆ ಆ ಉಪಚಾರವೇ ಮೃತ್ಯುವಾಯಿತು. ಬೀಜದಿಂದ ಬೆಳೆಸೋಣವೆಂದರೆ ಜರೀಗಿಡಗಳಿಗೆ ಬೀಜವೇ ಇಲ್ಲ. ಎಲೆಯ ಮೇಲಿನ ಧೂಳಿನಂತಹ ಬೀಜಕಗಳಿಂದ ಹೊಸ ಗಿಡ ಹುಟ್ಟುವುದನ್ನು ಜಮೈಕದಲ್ಲಿ ಶಸ್ತ್ರವೈದ್ಯನಾಗಿದ್ದ ಜಾನ್ ಲಿಂಡ್ಸೆ ಪ್ರಯೋಗದಿಂದ ತೋರಿಸಿ, ಅದರ ವರದಿಯನ್ನು ಲಂಡನ್ನಿನ ಲಿನೀಯನ್ ಸಂಘವು 1794ರಲ್ಲಿ ಪ್ರಕಟಿಸಿದ್ದಿತು. ಆದರೆ ಪೊರೆಜರಿಗಳ ಬೀಜಕಗಳು ಆ ಉಪಾಯಕ್ಕೆ ಸುಲಭವಾಗಿ ಒಗ್ಗುವಂತಹವಲ್ಲ. ಹೀಗಾಗಿ ಗಿಡ ಬೇಕೆಂದವರಿಗೆ ಬಂಡೆಯಿಂದ ಕಿತ್ತು ತರುವುದೊಂದೇ ದಾರಿಯಾಗಿ ಉಳಿಯಿತು. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದಿನ ಅನಾಹುತದ ಮೂಲ ಇಲ್ಲಿಯೇ ಇದೆ.

ಪರಿಹಾರ ದೊರೆತುದು ತೋಟಗಾರರಿಂದ ಅಲ್ಲ. ನಥಾನಿಯೆಲ್ ಬ್ಯಾಗ್‌ಷಾ ವಾರ್ಡ್ (1791–1868) ಎಂಬವನು ಲಂಡನ್ನಿನ ಪೂರ್ವಭಾಗದಲ್ಲಿ, ಹಡಗುಕಟ್ಟೆಗಳಿಗೆ ಸಮೀಪದ ವೆಲ್‌ಕ್ಲೋಸ್ ಚೌಕದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದನು. ಮನೆಯ ಹಿತ್ತಲಿನಲ್ಲಿ ಕಲ್ಲುಗಳನ್ನು ಪೇರಿಸಿ, ಅವುಗಳ ಮೇಲೆ ನೀರು ತೊಟ್ಟಿಕ್ಕುವಂತೆ ಮಾಡಿ, ಜರೀಗಿಡಗಳನ್ನು ನೆಟ್ಟಿದ್ದನು. ಸುತ್ತಲಿನ ಕಾರ್ಖಾನೆಗಳ ಹೊಗೆಗೆ ಅವೆಲ್ಲ ಸತ್ತುಹೋದುವು. 1829ರ ಬೇಸಗೆಯಲ್ಲಿ ಅವನು ಒಂದು ಪತಂಗದ ಕೋಶವನ್ನು ಅಗಲಬಾಯಿಯ ಗಾಜಿನ ಸೀಸೆಯೊಳಗೆ ಒದ್ದೆ ಮಣ್ಣಿನಲ್ಲಿ ಹೂತು ಮುಚ್ಚಳ ಹಾಕಿಟ್ಟನು. ಪತಂಗವು ಹೊರಬರುವುದನ್ನು ನೋಡುವುದಷ್ಟೆ ಅವನ ಉದ್ದೇಶ. ಹಗಲಿನಲ್ಲಿ ಮಣ್ಣಿನ ತೇವವು ಆವಿಯಾಗಿ ಮೇಲೇರಿ ಗಾಜಿನ ಮೇಲೆ ಹನಿಗಟ್ಟಿ ಮತ್ತೆ ಮಣ್ಣಿಗೆ ಇಳಿಯುವುದನ್ನು ಅವನು ಗಮನಿಸಿದನು. ಪತಂಗ ಬರುವುದಕ್ಕೆ ಮುಂಚೆ ಮಣ್ಣಿನ ಮೇಲೆ ಎರಡು ಮೊಳಕೆಗಳು ಕಾಣಿಸಿಕೊಂಡುವು. ಒಂದು ಹುಲ್ಲು, ಇನ್ನೊಂದು ಜರೀಗಿಡ. ಹಿತ್ತಿಲಿನಲ್ಲಿ ಎಷ್ಟು ಆರೈಕೆ ಮಾಡಿದರೂ ನಿಲ್ಲದಿದ್ದ ಜರೀಗಿಡವೇ. ಕಿಟಕಿಯ ಹೊರಗಿಟ್ಟ ಆ ಸೀಸೆಯಲ್ಲಿ ಅವೆರಡೂ ನೀರೆರೆಯದೆಯೇ ನಾಲ್ಕು ವರ್ಷಗಳ ಸಮೀಪದವರೆಗೆ ಬದುಕಿದುವು. ಕೊನೆಗೆ ಅವನು ಊರಲ್ಲಿಲ್ಲದಾಗ ಮುಚ್ಚಳಕ್ಕೆ ತುಕ್ಕು ಹಿಡಿದು, ಮಳೆಯ ನೀರು ಒಳನುಗ್ಗಿ ಕೊಳೆತವು.

ಆಕಸ್ಮಿಕವೆಂದು ಇದನ್ನು ಎಲ್ಲರೂ ವರ್ಣಿಸುತ್ತಾರೆ. ಸ್ಕಾಟ್ಲೆಂಡಿನಲ್ಲಿ ಮೆಕಾನಕಿ ಎಂಬವನು ಕೆಲವು ವರ್ಷಗಳ ಮೊದಲೇ ಗಾಜಿನ ಪೆಟ್ಟಿಗೆಯಲ್ಲಿ ಜರೀಗಿಡಗಳನ್ನು ಬೆಳೆಸಿದ್ದನೆಂಬುದನ್ನೂ ಹೇಳುವುದು ನ್ಯಾಯ. ಆದರೆ ಅವನು ಅದನ್ನು ಆಗ ಪ್ರಕಟಿಸಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ವಾರ್ಡನ ಹೆಚ್ಚುಗಾರಿಕೆ ಸೀಸೆಯಲ್ಲಿ ಇಲ್ಲ. ಜರೀಗಿಡಕ್ಕೆ ಬೇಕಾದುದು ಕಾವು ಅಲ್ಲ, ಕದಲದ ತೇವಗಾಳಿ ಎಂದು ಅವನು ಗ್ರಹಿಸಿದುದರಲ್ಲಿದೆ. ಪೆಟ್ಟಿಗೆಯು ಗಾಳಿಯನ್ನು ಪೂರ್ತಿಯಾಗಿ ತಡೆಯುವುದಿಲ್ಲ, ತಡೆಯಬೇಕಾಗಿಯೂ ಇಲ್ಲ ಎಂಬುದನ್ನು ಅವನು ಸ್ಪಷ್ಟಪಡಿಸಿದ್ದನು. ಮಸಿಯೂ ಒಣಗಾಳಿಯೂ ಒಳಹೊಗದಿದ್ದರೆ ಸಾಕಾಗಿತ್ತು. ಮುಚ್ಚಿದ ಪೆಟ್ಟಿಗೆಗಳಲ್ಲಿ ಸಸ್ಯಗಳ ಬೆಳವಣಿಗೆಯನ್ನು ಕುರಿತ ಅವನ ಗ್ರಂಥವು 1842ರಲ್ಲಿ ಪ್ರಕಟವಾಯಿತು. 1852ರಲ್ಲಿ ಎರಡನೆಯ ಮುದ್ರಣ ಕಂಡಿತು.

ಕಿಲಾರ್ನಿಯ ಗಿಡವು ಅವನ ಗಾಜಿನೊಳಗೆ ನಿಂತಿತು. ರಷ್ಯದ ಚಕ್ರವರ್ತಿಯ ಸಸ್ಯೋದ್ಯಾನದ ಅಧಿಕಾರಿಯಾಗಿದ್ದ ಫಿಷರನು ಅದನ್ನು ನೋಡಲು ಬಂದಾಗ ಟೋಪಿಯನ್ನು ತೆಗೆದು, ಗಿಡಕ್ಕೆ ಬಾಗಿ ನಮಸ್ಕರಿಸಿ, ಜೀವಮಾನವೆಲ್ಲ ಅದು ತನ್ನನ್ನು ಸೋಲಿಸುತ್ತಲೇ ಬಂದಿತೆಂಬ ಅರ್ಥದ ಮಾತನ್ನು ಆಡಿದನೆಂದು ವಾರ್ಡನೇ ಬರೆದಿದ್ದಾನೆ. ವಾರ್ಡನಿಗೆ ಈ ಪ್ರಸಂಗದಿಂದ ಸಂತೋಷವಾಗಿದ್ದಿತೆಂಬುದು ಅವನ ಬರೆಹದಲ್ಲಿ ಎದ್ದುಕಾಣುತ್ತದೆ.

ಆ ಕಾಲದಿಂದ ಮುಂದೆ ಬೆಳೆಗಾರರು ಕಂಡುಕೊಂಡ ಪೋಷಣಕ್ರಮವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. ಏಕೆಂದರೆ ಗಿಡದ ಸ್ವಭಾವವು ಆ ಕ್ರಮದಲ್ಲಿಯೇ ವ್ಯಕ್ತವಾಗುತ್ತದೆ. ಇದರ ಬೇರುಕಾಂಡವು ಬಂಡೆಯ ಮೇಲೆ ಹರಿದಾಡುವಂತಹುದು. ಅದನ್ನು ಮಣ್ಣಿನಲ್ಲಿ ಹೂತರೆ ಕೊಳೆಯುತ್ತದೆ. ನೀರನ್ನು ಹೀರಿಟ್ಟುಕೊಳ್ಳುವ ಮರಳುಗಲ್ಲಿನ ತುಂಡಿನ ಮೇಲೆ ಅದನ್ನು ಮಲಗಿಸಿ, ಕದಲದಂತೆ ಕಟ್ಟಿ ಬಿಡಬೇಕು. ಕಾಂಡವು ಕಲ್ಲನ್ನು ತಾನೇ ಹಿಡಿದುಕೊಳ್ಳುವುದು. ಸುಣ್ಣದ ಅಂಶವುಳ್ಳ ಬಾವಿಯ ನೀರಿಗಿಂತ ಮಳೆಯ ನೀರು ಹಿತ. ಕಲ್ಲು ಸದಾ ಒದ್ದೆಯಾಗಿರಬೇಕು, ಆದರೆ ಬುಡದಲ್ಲಿ ನೀರು ನಿಲ್ಲಕೂಡದು. ಪೆಟ್ಟಿಗೆಗೆ ಬಿಸಿಲು ತಾಗಕೂಡದು. ತಾಗಿದರೆ ಒಳಗಿನ ಗಾಳಿಯು ಕಾದು ಎಲೆಗಳು ಬೇಯುತ್ತವೆ. ಮುಚ್ಚಿದ ಗಾಜಿನ ದೊಡ್ಡ ಅಪಾಯ ಇದೇ. ಉತ್ತರದ ಕಡೆಯ ಕಿಟಕಿಯ ಮಂದಬೆಳಕು ಇದಕ್ಕೆ ಧಾರಾಳವಾಯಿತು. ಬೇರೆ ಗಿಡಗಳು ಬಿಳಿಚಿಕೊಂಡು ಸಾಯುವ ಕತ್ತಲೆಯಲ್ಲಿ ಇದು ಕಡುಹಸಿರಾಗಿ ನಿಲ್ಲುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಬೆಳೆಗಾರನು ಮಾಡಬೇಕಾದ ಮುಖ್ಯ ಕೆಲಸವೆಂದರೆ ಸುಮ್ಮನಿರುವುದು. ಎಲೆಗಳು ಅತ್ಯಂತ ನಿಧಾನವಾಗಿ ಬಿಚ್ಚಿಕೊಳ್ಳುತ್ತವೆ, ಬಿಚ್ಚಿಕೊಂಡ ಮೇಲೆ ವರ್ಷಾನುವರ್ಷ ಉಳಿಯುತ್ತವೆ. ಆಗಾಗ್ಗೆ ಮುಚ್ಚಳ ತೆಗೆದು ನೋಡುವವನ ಕೈಯಲ್ಲಿ ಗಿಡ ಉಳಿಯದು. ದೊಡ್ಡ ಸ್ಥಿತಿವಂತರು ಪೆಟ್ಟಿಗೆಯಿಂದ ತೃಪ್ತರಾಗದೆ ನೆಲದೊಳಗೆ ಅರ್ಧ ಇಳಿದ ಗಾಜಿನ ಛಾವಣಿಯ ಜರಿಮನೆಗಳನ್ನು ಕಟ್ಟಿಸಿದರು. ಯಾರ್ಕ್ ನಗರದ ಬ್ಯಾಕ್‌ಹೌಸ್ ಸಸ್ಯವ್ಯಾಪಾರಿಗಳು ಪೊರೆಜರಿಗಳಿಗೇ ಹೆಸರಾದರು.

ವಾರ್ಡನ ಪೆಟ್ಟಿಗೆಯ ಇನ್ನೊಂದು ಪ್ರಯೋಜನವು ನಮ್ಮ ದೇಶದ ಇತಿಹಾಸವನ್ನೂ ಮುಟ್ಟುವುದರಿಂದ ಅದನ್ನು ಬಿಡಲಾಗುವುದಿಲ್ಲ. 1833ರಲ್ಲಿ ಅವನು ಜರೀಗಿಡಗಳನ್ನೂ ಹುಲ್ಲುಗಳನ್ನೂ ತುಂಬಿದ ಎರಡು ಪೆಟ್ಟಿಗೆಗಳನ್ನು ಮ್ಯಾಲರ್ಡ್ ಎಂಬ ಕಪ್ತಾನನ ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಕಳುಹಿಸಿದನು. ಗಿಡಗಳು ಕ್ಷೇಮವಾಗಿ ತಲಪಿದುವು. 1834ರ ಫೆಬ್ರವರಿಯಲ್ಲಿ ಸಿಡ್ನಿಯಲ್ಲಿ ಆ ಪೆಟ್ಟಿಗೆಗಳಿಗೆ ಅಲ್ಲಿಯ ಗಿಡಗಳನ್ನು ತುಂಬಲಾಯಿತು. ಹಿಂದಿರುಗುವ ಹಾದಿಯಲ್ಲಿ ಹಾರ್ನ್ ಭೂಶಿರದ ಬಳಿ ಉಷ್ಣಮಾನವು 20 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿದು ಹಡಗಿನ ಅಟ್ಟದ ಮೇಲೆ ಒಂದು ಅಡಿ ಹಿಮ ಬಿದ್ದಿತು. ಭೂಮಧ್ಯರೇಖೆಯ ಬಳಿ ಅದು 120 ಡಿಗ್ರಿಗೆ ಏರಿತು. ಎಂಟು ತಿಂಗಳು ಒಮ್ಮೆಯೂ ನೀರೆರೆಯದೆ ಬಂದ ಗಿಡಗಳು ಲಂಡನ್ನಿನಲ್ಲಿ ನಳನಳಿಸುತ್ತಿದ್ದುವು. ಹಿಂದೆ ಸಮುದ್ರಯಾನದಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು ಗಿಡಗಳು ಸಾಯುತ್ತಿದ್ದುವು, ಈಗ ಹತ್ತೊಂಬತ್ತು ಬದುಕುತ್ತವೆ ಎಂದು ಲಾಡಿಜಸ್ ಹೇಳಿದನು. 1848ರಿಂದ 1851ರವರೆಗೆ ರಾಬರ್ಟ್ ಫಾರ್ಚ್ಯೂನನು ಚೀನದ ಚಹದ ಸಸಿಗಳನ್ನು ಭಾರತಕ್ಕೆ ತಂದುದು ಇಂತಹ ಪೆಟ್ಟಿಗೆಗಳಲ್ಲಿಯೇ. ಪೆಟ್ಟಿಗೆಯ ಮಣ್ಣಿನಲ್ಲಿ ಬೀಜ ಬಿತ್ತಿ ಹಡಗಿನಲ್ಲಿಯೇ ಮೊಳೆಯಿಸುವ ಉಪಾಯವನ್ನೂ ಅವನು ಹೂಡಿದನು. ಪೆಟ್ಟಿಗೆಯು ಸರ್ವಶಕ್ತವೇನೂ ಆಗಿರಲಿಲ್ಲ. 1860ರಲ್ಲಿ ಮಾರ್ಕಮ್ಮನು ಪೆರುವಿನಿಂದ ತಂದ ಸಿಂಕೋನ ಸಸಿಗಳು ಕೆಂಪು ಸಮುದ್ರದ ಬೇಗೆಯಿಂದ ಜರ್ಝರಿತವಾಗಿ ಉಳಿಯಲಿಲ್ಲ. ಮುಂದಿನ ವರ್ಷ ಉದಕಮಂಡಲವನ್ನು ತಲಪಿದ ಬೇರೆ ಸಸಿಗಳಿಂದ ನೀಲಗಿರಿಯ ತೋಟ ಹುಟ್ಟಿತು. ಸಾಮ್ರಾಜ್ಯದ ಆರ್ಥಿಕ ಸಾಧನವೆಂದು ಇತಿಹಾಸಗ್ರಂಥಗಳಲ್ಲಿ ಹೊಗಳಲ್ಪಡುವ ಈ ಪೆಟ್ಟಿಗೆಯು ಜರೀಗಿಡದ ಹಂಬಲದಿಂದ ಹುಟ್ಟಿತೆಂಬುದು ಎಷ್ಟೋ ವೇಳೆ ಮರೆತುಹೋಗುತ್ತದೆ.

ಇನ್ನು ಅನಾಹುತದ ವಿಷಯ. 1845ರಲ್ಲಿ ಬ್ರಿಟಿಷ್ ಸರ್ಕಾರವು ಗಾಜಿನ ಮೇಲಿನ ಸುಂಕವನ್ನು ರದ್ದುಗೊಳಿಸಿತು. ಗಾಜು ಅಗ್ಗವಾಗಲು ವಾರ್ಡನ ಪೆಟ್ಟಿಗೆಯು ಮಧ್ಯಮವರ್ಗದ ಪಡಸಾಲೆಯ ಅಲಂಕಾರವಾಯಿತು. ಕಲ್ಲಿದ್ದಲ ಒಲೆ, ಅನಿಲದೀಪ ಇವುಗಳ ನಡುವೆ ಬೇರೆ ಗಿಡಗಳು ಉಳಿಯದ ಕೋಣೆಗಳಲ್ಲಿ ಗಾಜಿನೊಳಗಿನ ಜರೀಗಿಡವು ಹಸಿರಾಗಿ ನಿಂತಿತು. ಎಡ್ವರ್ಡ್ ನ್ಯೂಮನ್ನನ ಗ್ರಂಥ (1840) ಮೊದಲ್ಗೊಂಡು ಜರೀಗಿಡಗಳನ್ನು ಗುರುತಿಸಲು ನೆರವಾಗುವ ಪುಸ್ತಕಗಳು ಒಂದರಮೇಲೊಂದು ಬಂದುವು. ಈ ಗೀಳಿಗೆ ಚಾರ್ಲ್ಸ್ ಕಿಂಗ್ಸ್ಲಿಯು 1855ರಲ್ಲಿ ಗ್ರೀಕ್ ಮೂಲದ ‘ಟೆರಿಡೊಮೇನಿಯ’ ಎಂಬ ಹೆಸರನ್ನಿತ್ತನು. ಜರಿಯ ಹುಚ್ಚು ಎಂದು ನಾವು ಕರೆಯಬಹುದು. 1853ರಲ್ಲಿ ಕಿಲಾರ್ನಿಗೆ ರೈಲುಮಾರ್ಗ ತೆರೆಯಿತು. ಎಲ್ಲ ಕಡೆಗಳಿಂದ ಬಂದ ಪ್ರವಾಸಿಗಳಿಗೆ ಸ್ಥಳದ ಹಳ್ಳಿಗರು ಬುಟ್ಟಿಗಳಲ್ಲಿ ಜರೀಗಿಡಗಳನ್ನು ಮಾರಿದರು. ವ್ಯಾಪಾರಿಗಳು ಮೂಟೆಗಟ್ಟಲೆ ತರಿಸಿಕೊಂಡರು. ಬಂಡೆಯನ್ನು ಕಂಬಳಿಯಂತೆ ಹೊದಿಸಿದ್ದ ಗಿಡವನ್ನು ಇಡಿಯಾಗಿ ಸುಲಿದು ತೆಗೆಯುವುದು ಸುಲಭ. ಆದರೆ ಅದು ಹಾಗೆ ಹಬ್ಬಲು ಹಿಡಿದ ಕಾಲವನ್ನು ಯಾರೂ ಲೆಕ್ಕಿಸಲಿಲ್ಲ.

ಹಲವು ಬರಹಗಾರರು ಈ ನಾಶಕ್ಕೆ ಐರಿಷ್ ಹಳ್ಳಿಗರ ದುರಾಸೆಯನ್ನು ಹೊಣೆಮಾಡಿದ್ದಾರೆ. ನಮಗೆ ಇದು ಒಪ್ಪತಕ್ಕದ್ದೆಂದು ತೋರುವುದಿಲ್ಲ. ಆಲೂಗಡ್ಡೆಯ ರೋಗದಿಂದ 1845ರಲ್ಲಿ ಮೊದಲಾದ ಮಹಾಕ್ಷಾಮವು ಆ ಸೀಮೆಯನ್ನು ತುಳಿದು ಹೋಗಿ ಹತ್ತು ವರ್ಷವೂ ಕಳೆದಿರಲಿಲ್ಲ. ಅಂತಹ ಊರಿನ ಬಡವನು ಬಂಡೆಯ ಮೇಲಿನ ಹಸಿರನ್ನು ಕೆಲವು ಕಾಸಿಗೆ ಮಾರಿದನೆಂದರೆ, ಕೊಳ್ಳುವವರು ರೈಲಿನಲ್ಲಿ ಬಂದು ನಿಂತಿದ್ದರೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವೇಲ್ಸಿನಲ್ಲಿಯೂ ಸ್ಕಾಟ್ಲೆಂಡಿನ ಆರನ್ ದ್ವೀಪದಲ್ಲಿಯೂ ಗಿಡವು ಪತ್ತೆಯಾದಾಗ ಅದರ ಹಿಂದೆ ಬಿದ್ದವರು ಬಡವರಲ್ಲ, ಗಿಡದ ಶಾಸ್ತ್ರೀಯ ನಾಮವನ್ನು ತಪ್ಪಿಲ್ಲದೆ ಉಚ್ಚರಿಸಬಲ್ಲ ಸುಶಿಕ್ಷಿತರೇ.

ಕಿತ್ತುತಂದ ಗಿಡಗಳಲ್ಲಿ ಎಷ್ಟು ಬದುಕಿದುವು? ಅದರ ಲೆಕ್ಕವನ್ನು ಯಾರೂ ಇಡಲಿಲ್ಲ. ಆದರೆ ಮೇಲೆ ಹೇಳಿದ ಆರೈಕೆಯ ಕ್ರಮವನ್ನು ನೆನೆದರೆ ಊಹೆ ಕಷ್ಟವಲ್ಲ. ವಾರ್ಡನಂತಹ ತಾಳ್ಮೆಯುಳ್ಳವರು ವಿರಳ. ಪೆಟ್ಟಿಗೆಯನ್ನು ಬಿಸಿಲಿಗೆ ಇಟ್ಟವರು, ಮಣ್ಣಿನಲ್ಲಿ ಹೂತವರು, ದಿನಕ್ಕೊಮ್ಮೆ ಮುಚ್ಚಳ ತೆರೆದವರು ಬಹುಮಂದಿ. ಗಿಡ ಸತ್ತರೆ ಮತ್ತೊಂದನ್ನು ಕೊಳ್ಳಬಹುದಾಗಿತ್ತು. ವಾರ್ಡನ ಶೋಧಕ್ಕೆ ಮುಂಚೆ ಈ ಗಿಡವನ್ನು ಬದುಕಿಸಲು ಸಾಧ್ಯವೇ ಇಲ್ಲವೆಂಬ ನಂಬಿಕೆಯೊಂದು ಸ್ವಲ್ಪಮಟ್ಟಿಗೆ ಅದಕ್ಕೆ ರಕ್ಷೆಯಾಗಿದ್ದಿತು. ಬದುಕಿಸಬಹುದೆಂಬ ವಾರ್ತೆ ಹಬ್ಬಿದೊಡನೆ ಆ ರಕ್ಷೆ ಹೋಯಿತು.

ಈ ಇತಿಹಾಸದ ಅತ್ಯಂತ ಸ್ವಾರಸ್ಯಕರವಾದ ಭಾಗ ಇನ್ನು ಉಳಿದಿದೆ. ಜರೀಗಿಡದ ಬಾಳು ಎರಡು ಪೀಳಿಗೆಗಳಲ್ಲಿ ನಡೆಯುತ್ತದೆ. ಎಲೆಬಿಟ್ಟು ಬೀಜಕಗಳನ್ನು ಉದುರಿಸುವ ಗಿಡ ಒಂದು. ಆ ಬೀಜಕದಿಂದ ಮೊಳೆತು, ಗಂಡು ಹೆಣ್ಣು ಅಂಗಗಳನ್ನು ತಾಳಿ, ಮುಂದಿನ ಎಲೆಗಿಡಕ್ಕೆ ತಾಯಿಯಾಗುವ ಚಿಕ್ಕ ಸಸ್ಯ ಇನ್ನೊಂದು. ಮೊದಲನೆಯದನ್ನು ಬೀಜಕಪೀಳಿಗೆಯೆಂದೂ ಎರಡನೆಯದನ್ನು ಲಿಂಗಪೀಳಿಗೆಯೆಂದೂ ಕರೆಯೋಣ. ಈ ಚಿಕ್ಕ ಸಸ್ಯದ ಮೇಲೆಯೇ ನಿಷೇಚನ ನಡೆಯುವುದನ್ನು ಸುಮಿನ್‌ಸ್ಕಿ 1848ರಲ್ಲಿ ವಿವರಿಸಿದನು. ಹೋಫ್‌ಮೈಸ್ಟರನು 1851ರ ತನ್ನ ಮಹಾಗ್ರಂಥದಲ್ಲಿ ಎರಡು ಪೀಳಿಗೆಗಳು ಸರದಿಯಾಗಿ ಬರುವ ನಿಯಮವನ್ನು ಸ್ಥಾಪಿಸಿದನು. 1862ರಲ್ಲಿ ಅದರ ಇಂಗ್ಲಿಷ್ ಅನುವಾದವೂ ಬಂದಿತು. ಅಂದರೆ ಜರಿಯ ಹುಚ್ಚು ಉಚ್ಚ್ರಾಯದಲ್ಲಿದ್ದ ಕಾಲದಲ್ಲಿಯೇ ಈ ಜ್ಞಾನವು ಲಭ್ಯವಿತ್ತು. ಆದರೆ ಪಡಸಾಲೆಯ ಪೆಟ್ಟಿಗೆಗೆ ಬೇಕಾದುದು ಎಲೆ. ಕಣ್ಣಿಗೆ ಹಾವಸೆಯಂತೆ ಕಾಣುವ ಇನ್ನೊಂದು ಪೀಳಿಗೆಯನ್ನು ಕಾಡಿನಲ್ಲಿ ಹುಡುಕಬೇಕೆಂದು ಸಂಗ್ರಾಹಕರಲ್ಲಿ ಯಾರಿಗೂ ತೋರಲಿಲ್ಲ. ಅದಕ್ಕೆ ಬೆಲೆ ಇರಲಿಲ್ಲ.

ಬೆಲೆಯಿಲ್ಲದುದೇ ಅದಕ್ಕೆ ಒಳ್ಳೆಯದಾಯಿತೆನ್ನಬೇಕು. ಅಮೆರಿಕದ ಡೊನಾಲ್ಡ್ ಫರಾರ್ ಎಂಬ ವಿದ್ವಾಂಸರು ತಮ್ಮ ದೇಶದ ಅಪಲೇಷಿಯನ್ ಬೆಟ್ಟಗಳಲ್ಲಿ ಇದೇ ವಂಶದ ಲಿಂಗಪೀಳಿಗೆಗಳು ಎಲೆಗಿಡವಿಲ್ಲದೆಯೇ ಸ್ವತಂತ್ರವಾಗಿ ಬಾಳುವುದನ್ನು ಅಭ್ಯಸಿಸಿದ್ದರು. ಅವರು ರಮ್ಸೆ, ಷೆಫೀಲ್ಡ್ ಎಂಬ ಬ್ರಿಟಿಷ್ ವಿದ್ವಾಂಸರೊಡಗೂಡಿ, ಕಿಲಾರ್ನಿ ಗಿಡದ ಲಿಂಗಪೀಳಿಗೆಯೂ ಬ್ರಿಟನ್ನಿನಲ್ಲಿ ಹಾಗೆಯೇ ಬದುಕಿರುವುದನ್ನು 1990ರಲ್ಲಿ ಪ್ರಕಟಿಸಿದರು. ಬಂಡೆಗಳ ಆಳವಾದ ಸಂದುಗಳಲ್ಲಿ, ಹೊರಗಿನ ಬೆಳಕಿನ ನೂರರಲ್ಲಿ ಒಂದು ಪಾಲೂ ತಲಪದ ಕತ್ತಲೆಯಲ್ಲಿ, ಹಸಿರು ಉಣ್ಣೆಯ ಹಿಂಜಿನಂತೆ ಕವಲೊಡೆದ ನೂಲುಗಳಾಗಿ ಅದು ಹಬ್ಬಿರುತ್ತದೆ. ತನ್ನ ದೇಹದಿಂದಲೇ ಸಣ್ಣ ಸಣ್ಣ ಕುಡಿಗಳನ್ನು ಕಳಚಿ ವೃದ್ಧಿಯಾಗುತ್ತದೆ. ಬಹುಪಾಲು ನೆಲೆಗಳಲ್ಲಿ ಎಲೆಗಿಡವನ್ನು ಹುಟ್ಟಿಸುವುದೇ ಇಲ್ಲ. ಒಮ್ಮೆ ಏನನ್ನು ಹುಡುಕಬೇಕೆಂದು ತಿಳಿದ ಮೇಲೆ ಬ್ರಿಟನ್ನಿನ ಅನೇಕ ಜಿಲ್ಲೆಗಳಲ್ಲಿಯೂ, ಎಲೆಗಿಡವು ಎಂದೂ ಕಂಡಿಲ್ಲದ ಲಕ್ಸೆಂಬರ್ಗ್, ಜರ್ಮನಿ, ಚೆಕ್ ದೇಶಗಳಲ್ಲಿಯೂ ಅದು ದೊರೆಯಿತು. ಪ್ರಾಯಶಃ ಈಗಿನದಕ್ಕಿಂತ ಅನುಕೂಲವಾಗಿದ್ದ ಯಾವುದೋ ಪ್ರಾಚೀನ ಹವಾಮಾನದಲ್ಲಿ ಬಂದಿಳಿದ ಬೀಜಕಗಳ ಸಂತತಿಯು ಸಾವಿರಾರು ವರ್ಷಗಳಿಂದ ಅಲ್ಲಿಯೇ ಉಳಿದಿರಬೇಕೆಂದು ತಜ್ಞರು ಊಹಿಸುತ್ತಾರೆ. ಹೀಗೆ ಅಳಿದುಹೋಯಿತೆಂದು ದುಃಖಿಸಲಾಗುತ್ತಿದ್ದ ಜಾತಿಯು ಸಂಗ್ರಾಹಕರ ಕಾಲಬುಡದಲ್ಲಿಯೇ, ಅವರು ಬಗ್ಗಿ ನೋಡದ ಬಿರುಕುಗಳಲ್ಲಿ, ಇನ್ನೊಂದು ರೂಪದಿಂದ ಬಾಳುತ್ತಿದ್ದಿತು.

ಇದರಿಂದ ಹಳೆಯ ನಷ್ಟವು ಕಡಮೆಯಾಯಿತೆಂದು ತಿಳಿಯಬಾರದು. ಕಾಡಿನಲ್ಲಿ ಎಲೆಬಿಟ್ಟು ಬೀಜಕಗಳನ್ನು ಉದುರಿಸುವ ಗಿಡಗಳು ಇಂದಿಗೂ ವಿರಳ. ಹೊಸ ನೆಲೆಗಳಿಗೆ ದೂರ ಹಾರಬಲ್ಲವು ಆ ಬೀಜಕಗಳೇ ಹೊರತು ಕತ್ತಲೆಯ ನೂಲುಗಳಲ್ಲ. ಬ್ರಿಟನ್ನಿನ 1981ರ ವನ್ಯಜೀವಿ ಶಾಸನವೂ ಯೂರೋಪಿನ ಒಕ್ಕೂಟದ 1992ರ ನೆಲೆಸಂರಕ್ಷಣೆಯ ನಿರ್ದೇಶವೂ ಈ ಜಾತಿಯನ್ನು ರಕ್ಷಿತ ಸಸ್ಯಗಳ ಪಟ್ಟಿಗೆ ಸೇರಿಸಿವೆ. ಲಿಂಗಪೀಳಿಗೆಯ ಹಸಿರು ನೂಲು ಯಾರ್ಕ್‌ಷೈರಿನ ಬಂಡೆಗಳ ಸಂದುಗಳಲ್ಲಿಯೂ ದೊರೆತಿದೆ. 1724ರ ಗ್ರಂಥವು ಗಿಡವಿದ್ದ ಸ್ಥಳವನ್ನು ಹೆಸರಿಸಿ ಅಚ್ಚುಹಾಕಿತು. ಈಗಿನ ಸಮೀಕ್ಷಕರು ಎಲೆಗಿಡದ ನೆಲೆಗಳನ್ನು ಅಷ್ಟು ನಿಖರವಾಗಿ ಅಚ್ಚಿಗೆ ಕೊಡದಿರಲು ಎಚ್ಚರವಹಿಸುತ್ತಾರೆ.